ಕೆಚ್ಚಲೊಳಗಿನ ನಾಲ್ಕು ಮನೆ

ಪ್ರಶ್ನೆ: ಹಸುವಿನ ಕೆಚ್ಚಲು ಒಳಗೆ ಒಂದೇ ಚೀಲವೇ? ಒಂದೇ ಮೊಲೆ ಹಿಂಡಿದರೆ ಹಾಲೆಲ್ಲ ಅದರಲ್ಲೇ ಬರುತ್ತದೆಯೇ?

ಉತ್ತರ: ಇಲ್ಲ. ಹೊರಗೆ ಒಂದಾಗಿ ಕಂಡರೂ ಕೆಚ್ಚಲಿನೊಳಗೆ ನಾಲ್ಕು ಬೇರೆ ಬೇರೆ ಮನೆಗಳಿವೆ. ಒಂದರ ಹಾಲು ಇನ್ನೊಂದಕ್ಕೆ ಹರಿಯುವುದಿಲ್ಲ. ಕೆಚ್ಚಲು ಬಾವು ಬಂದಾಗ ಒಂದು ಮೊಲೆಯ ಹಾಲು ಒಡೆದಂತಿದ್ದರೂ ಉಳಿದವುಗಳ ಹಾಲು ಚೆನ್ನಾಗಿರುವುದು ಇದರಿಂದಲೇ. ಎಮ್ಮೆಗೂ ನಾಲ್ಕು ಮನೆ; ಮೇಕೆ, ಕುರಿಗೆ ಎರಡು. ಹಂದಿಗಾದರೋ ಎರಡು ಸಾಲಿನಲ್ಲಿ ಹತ್ತಕ್ಕೂ ಹೆಚ್ಚು ಮೊಲೆ.

ಪ್ರತಿ ಮನೆಯಲ್ಲೂ ಬರಿಗಣ್ಣಿಗೆ ಕಾಣದ ಲೆಕ್ಕವಿಲ್ಲದಷ್ಟು ಗುಳ್ಳೆಗಳಿವೆ. ರಕ್ತದಿಂದ ಸಾರ ಹೀರಿ ಹಾಲು ಮಾಡುವುದು ಇವುಗಳ ಗೋಡೆಯ ಜೀವಕೋಶಗಳು. ಒಂದು ಲೀಟರ್ ಹಾಲಿಗೆ ಸುಮಾರು 400ರಿಂದ 500 ಲೀಟರ್ ರಕ್ತ ಕೆಚ್ಚಲಿನಲ್ಲಿ ಹಾದುಹೋಗಬೇಕು.

ಕರು ಬಾಯಿಟ್ಟಾಗ ಅಥವಾ ಕೆಚ್ಚಲು ತೊಳೆದು ನೀವಿದಾಗ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೊರಡುತ್ತದೆ. ಸುಮಾರು ಒಂದು ನಿಮಿಷದಲ್ಲಿ ಅದು ಗುಳ್ಳೆಗಳನ್ನು ಹಿಂಡಿ ಹಾಲು ಇಳಿಸುತ್ತದೆ. ಹಸು ಸೊರ ಬಿಡುವುದು ಎಂದರೆ ಇದೇ. ಇದರ ಪ್ರಭಾವ ಕೆಲವೇ ನಿಮಿಷ. ಹಾಗಾಗಿ ಕರೆಯುವುದನ್ನು ಬೇಗ ಮುಗಿಸಬೇಕು. ಹೊಡೆದರೆ, ಗದರಿಸಿದರೆ ಅಡ್ರಿನಲಿನ್ ಅಡ್ಡಬಂದು ಹಾಲು ಇಳಿಯದು.

ಕರೆದ ಮೇಲೆ ಮೊಲೆತೊಟ್ಟಿನ ರಂಧ್ರ ಪೂರ್ತಿ ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಅಷ್ಟರಲ್ಲಿ ಹಸು ಸಗಣಿಯ ಮೇಲೆ ಮಲಗಿದರೆ ಸೋಂಕು ಒಳಹೊಗುತ್ತದೆ. ಕರೆದ ಕೂಡಲೇ ಮುಂದೆ ಒಂದು ಹಿಡಿ ಹಸಿ ಹುಲ್ಲು ಹಾಕಿ, ನಿಂತೇ ಮೇಯಲಿ.