ಹಳೇ ಕಾರಿಗೆ ಹೊಸ ಬೆಳಕು

ನಮ್ಮ ಕಾಕಾರ ಹತ್ತಿರ ಒಂದು ಬಿಳಿ ಅಂಬಾಸಡರ್ ಕಾರು ಅದ. ಈ ಕಾರಿನ ತಯಾರಿಕೆ 2014ರಲ್ಲಿಯೇ ನಿಂತಿತು. ಮನೆಯಲ್ಲಿ ಎಲ್ಲರೂ "ಮಾರಿ ಬಿಡ್ರಿ" ಅಂದರೂ ಕಾಕಾ ಕೇಳುವುದಿಲ್ಲ.

ಹೋದ ಚಳಿಗಾಲದಲ್ಲಿ ಒಂದು ರಾತ್ರಿ ಕಲಬುರಗಿಯಿಂದ ಶಹಾಬಾದಕ್ಕೆ ಬರುತ್ತಿದ್ದೆವು. ಅವ್ವ ಮತ್ತು ತಂಗಿ ಹಿಂದಿನ ಸೀಟಿನಲ್ಲಿ ಮಲಗಿದ್ದರು, ನಾನು ಮುಂದೆ ಕೂತಿದ್ದೆ. ದಾರಿಯಲ್ಲಿ ಫರ್ಸಿ ಕಲ್ಲು ತುಂಬಿದ ಟ್ರ್ಯಾಕ್ಟರ್ ಕೆಟ್ಟು ನಿಂತಿತ್ತು. ಹಿಂದೆ ಕೆಂಪು ದೀಪ ಇಲ್ಲ, ರೇಡಿಯಂ ಪಟ್ಟಿಯೂ ಇಲ್ಲ. ನಮ್ಮೂರ ಕಲ್ಲಿನ ಬೂದಿ ಬಣ್ಣ ನಿಮಗೆ ಗೊತ್ತೇ ಅದ, ರಾತ್ರಿ ಡಾಂಬರ್ ರಸ್ತೆಯೂ ಅದೇ ಬಣ್ಣ. ಕಾಕಾ ಜೋರಾಗಿ ಬ್ರೇಕ್ ಒತ್ತಿ ಬಲಕ್ಕೆ ಎಳೆದರು. ಟ್ರ್ಯಾಲಿಯ ಮೂಲೆ ನನ್ನ ಕಿಟಕಿಯ ಪಕ್ಕದಿಂದ ಒಂದು ಗೇಣು ದೂರದಲ್ಲಿ ಹೋಯಿತು. ಅವ್ವ ಎದ್ದು "ಏನಾತು?" ಅಂದಳು. ನಾವಿಬ್ಬರೂ ಮಾತಾಡಲಿಲ್ಲ.

ಗಂಟೆಗೆ 60 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಹೋಗಿರುತ್ತದೆ, ಆಮೇಲೆ ಗಾಡಿ ನಿಲ್ಲಬೇಕು. ನಮ್ಮ ಹೆಡ್‌ಲೈಟಿನ ಬೆಳಕು ಕಂದೀಲಿನ ಹಾಗೆ ಹಳದಿ ಇತ್ತು.

"ಬಲ್ಬ್ ಸಣ್ಣವು ಅವ, ದೊಡ್ಡವು ಹಾಕಸ್ತೀನಿ" ಅಂದರು ಕಾಕಾ. ಮರುದಿನವೇ 60/55 ವ್ಯಾಟಿನ ಬಲ್ಬ್ ತೆಗೆಸಿ 100/90 ವ್ಯಾಟಿನವು ಹಾಕಿಸಿದರು. ಎರಡು ದಿನ ಖುಷಿ. ಎದುರಿನಿಂದ ಬರುವ ಲಾರಿಯವರು ಮಾತ್ರ ಬೈಯ್ಯುತ್ತ ಹೋಗುತ್ತಿದ್ದರು. ಮೂರನೇ ದಿನ ಡ್ಯಾಶ್‌ಬೋರ್ಡಿನಿಂದ ಸುಟ್ಟ ವಾಸನೆ ಬಂತು. ಲೈಟಿನ ಸ್ವಿಚ್ ಕರಗಿತ್ತು!

ಆಗ ವಾಡಿಯ ಒಬ್ಬ ವಾಯರಿಂಗ್ ಮಿಸ್ತ್ರಿಯ ಹತ್ತಿರ ಹೋದೆವು. ಅವರು ಸ್ವಿಚ್ ಬದಲಿಸಿ, ಹಳೇ 60/55 ಬಲ್ಬನ್ನೇ ಮತ್ತೆ ಹಾಕಿದರು. ಇಂಜಿನ್ ಚಾಲೂ ಇಟ್ಟು ಮೀಟರ್ ಹಚ್ಚಿದರು. ಬ್ಯಾಟರಿಯ ಹತ್ತಿರ 13.6 ವೋಲ್ಟ್, ಬಲ್ಬಿನ ಹತ್ತಿರ 11.1 ವೋಲ್ಟ್. "ನೋಡು ತಮ್ಮಾ, ಎರಡೂವರೆ ವೋಲ್ಟ್ ದಾರ್ಯಾಗೇ ಕಳೀತು. ಬಲ್ಬಿಂದು ಏನೂ ತಪ್ಪಿಲ್ಲ" ಅಂದರು.

ನಾವು ಹತ್ತನೇ ತರಗತಿಯಲ್ಲಿ ಓದುವ ಓಮನ ನಿಯಮ ನನಗೆ ಅಲ್ಲಿ ತಿಳಿಯಿತು, ಪರೀಕ್ಷೆಯಲ್ಲಿ ಬರೆದಾಗ ತಿಳಿದಿರಲಿಲ್ಲ. ಎರಡು ಬಲ್ಬು ಕೂಡಿ ಸುಮಾರು 10 ಆಂಪಿಯರ್ ಎಳೆಯುತ್ತವೆ. ಹಳೇ ಕಾರಿನಲ್ಲಿ ಈ ಕರೆಂಟೆಲ್ಲ ಬ್ಯಾಟರಿಯಿಂದ ಸ್ವಿಚ್ಚಿಗೆ, ಅಲ್ಲಿಂದ ಡಿಪ್ಪರ್ ಸ್ವಿಚ್ಚಿಗೆ, ಮತ್ತೆ ಮುಂದಿನ ದೀಪಕ್ಕೆ ಸಣ್ಣ ವಾಯರಿನಲ್ಲಿ ಸುತ್ತಿ ಬರಬೇಕು. ನಡುವೆ ತುಕ್ಕು ಹಿಡಿದ ಜೋಡಣೆಗಳು. ಎಲ್ಲ ಸೇರಿ ಕಾಲು ಓಮ್ ರೋಧ ಆದರೂ ಸಾಕು, ಎರಡೂವರೆ ವೋಲ್ಟ್ ಹೋಯಿತು. ತಂತಿ ಕಾಯಿಸಿ ಬೆಳಕು ಕೊಡುವ ಬಲ್ಬಿನಲ್ಲಿ ವೋಲ್ಟೇಜ್ ಸ್ವಲ್ಪ ಇಳಿದರೆ ಬೆಳಕು ಬಹಳ ಇಳಿಯುತ್ತದೆ. 13.6ರ ಜಾಗದಲ್ಲಿ 11.1 ಬಂದರೆ ಬೆಳಕು ಸುಮಾರು ಅರ್ಧ!

ದೊಡ್ಡ ಬಲ್ಬ್ ಹಾಕಿದಾಗ ಏನಾಯಿತು ಅಂತ ಈಗ ಗೊತ್ತಾಗುತ್ತದೆ. ಕರೆಂಟು 10ರಿಂದ 16-17 ಆಂಪಿಯರಿಗೆ ಏರಿತು. ವಾಯರಿನ ಬಿಸಿ ಕರೆಂಟಿನ ವರ್ಗದಷ್ಟು ಹೆಚ್ಚುತ್ತದೆ, ಅಂದರೆ ಎರಡೂವರೆ ಪಟ್ಟಿಗೂ ಮೇಲೆ. ಸ್ವಿಚ್ ಕರಗದೆ ಇನ್ನೇನು ಮಾಡೀತು?

ಮಿಸ್ತ್ರಿ ಎರಡು ರಿಲೇ ಕೂಡಿಸಿದರು, ಅಪ್ಪರಿಗೆ ಒಂದು, ಡಿಪ್ಪರಿಗೆ ಒಂದು. ರಿಲೇ ಒಳಗೆ ತಂತಿ ಸುತ್ತಿದ ಒಂದು ಸಣ್ಣ ವಿದ್ಯುತ್ಕಾಂತ ಇರುತ್ತದೆ. ಈಗ ಸ್ವಿಚ್ಚಿನಿಂದ ಬರುವ ಸಣ್ಣ ಕರೆಂಟು ಆ ಕಾಂತವನ್ನು ಎಬ್ಬಿಸುತ್ತದೆ ಅಷ್ಟೆ. ಕಾಂತ ಒಂದು ಪಟ್ಟಿಯನ್ನು ಎಳೆಯುತ್ತದೆ, ಆಗ ದೊಡ್ಡ ಕರೆಂಟು ಬ್ಯಾಟರಿಯಿಂದ ದಪ್ಪ ವಾಯರಿನಲ್ಲಿ ಸೀದಾ ಬಲ್ಬಿಗೆ ಹೋಗುತ್ತದೆ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಜ್ ಹಾಕಿದರು. ಆಮೇಲೆ ಬಣ್ಣ ಕೆರೆದು, ಹೊಳೆಯುವ ತಗಡಿಗೆ ಅರ್ತ್ ವಾಯರ್ ಬಿಗಿದರು. ಅರ್ತ್ ಸರಿ ಇಲ್ಲದಿದ್ದರೆ ಉಳಿದದ್ದೆಲ್ಲ ದಂಡ ಅಂತ ಅವರ ಮಾತು. ಮತ್ತೆ ಮೀಟರ್ ಹಚ್ಚಿದಾಗ ಬಲ್ಬಿನ ಹತ್ತಿರ 13.2 ವೋಲ್ಟ್. ಅದೇ 60/55 ಬಲ್ಬು, ಬೆಳಕು ಬೆಳ್ಳಗೆ!

ಈ ಹ್ಯಾಲೋಜನ್ ಬಲ್ಬಿನ ಗಾಜಿಗೆ ಬೆರಳು ಹಚ್ಚಬಾರದು. ಕೈಯ ಎಣ್ಣೆ ಅಂಟಿದ ಜಾಗ ಹೆಚ್ಚು ಕಾಯ್ದು ಬಲ್ಬ್ ಬೇಗ ಹೋಗುತ್ತದೆ. ಒಳಗೆ ಎರಡು ತಂತಿ ಇರುತ್ತವೆ. ಡಿಪ್ಪರಿನ ತಂತಿಯ ಕೆಳಗೆ ಸಣ್ಣ ತಗಡಿನ ಬಟ್ಟಲು ಇರುತ್ತದೆ, ಅದು ಬೆಳಕನ್ನು ಮೇಲಿನ ಅರ್ಧ ಕನ್ನಡಿಗೆ ಮಾತ್ರ ಬಿಡುತ್ತದೆ. ಅಲ್ಲಿಂದ ಬೆಳಕು ಕೆಳಗೆ ರಸ್ತೆಗೆ ಬೀಳುತ್ತದೆ, ಎದುರಿನವರ ಕಣ್ಣಿಗೆ ಬೀಳುವುದಿಲ್ಲ. ನನಗೆ ಎಲ್ಲಕ್ಕಿಂತ ಸೇರಿದ್ದು ಈ ಬಟ್ಟಲು. ಪೇಟೆಯಲ್ಲಿ ಸಿಗುವ ಎಲ್‌ಇಡಿ ಬಲ್ಬನ್ನು ಇದೇ ಕನ್ನಡಿಯಲ್ಲಿ ತುರುಕಿದರೆ, ಬೆಳಕು ಹುಟ್ಟುವ ಜಾಗ ಆ ತಂತಿಯ ಜಾಗಕ್ಕೆ ಸರಿಯಾಗಿ ಬರದಿದ್ದರೆ ಬೆಳಕು ಎಲ್ಲೆಂದರಲ್ಲಿ ಚೆಲ್ಲುತ್ತದೆ. ನೋಡುವವರಿಗೆ ಝಗಝಗ, ನಡೆಸುವವರಿಗೆ ರಸ್ತೆ ಕಾಣದು.

ಕೊನೆಗೆ ದೀಪದ ಗುರಿ ಹಿಡಿಯುವ ಕೆಲಸ. ಇದನ್ನು ನಾನೂ ಕಾಕಾ ಕೂಡಿ ಮನೆ ಮುಂದೆ ಮಾಡಿದೆವು. ಚಕ್ರಕ್ಕೆ ಗಾಳಿ ಸರಿ ಮಾಡಿ, ಸಮತಟ್ಟು ಫರ್ಸಿ ನೆಲದ ಮೇಲೆ ಗೋಡೆಯಿಂದ 25 ಅಡಿ ದೂರ ಕಾರು ನಿಲ್ಲಿಸಿದೆವು. ದೀಪದ ನಡುಮಧ್ಯದ ಎತ್ತರವನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿದೆ. ಡಿಪ್ಪರ್ ಬೆಳಕಿನ ಮೇಲಂಚು ಆ ಗುರುತಿಗಿಂತ 3 ಇಂಚು ಕೆಳಗೆ ಬರುವಂತೆ ಕಾಕಾ ಸ್ಕ್ರೂ ತಿರುಗಿಸಿದರು. ಹಿಂದೆ ಜನ ಕೂತರೆ ಕಾರಿನ ಮೂತಿ ಮೇಲೇಳುತ್ತದೆ, ಬೆಳಕೂ ಮೇಲೇಳುತ್ತದೆ. ಅದಕ್ಕೇ ಅವ್ವನನ್ನೂ ತಂಗಿಯನ್ನೂ ಹಿಂದೆ ಕೂಡಿಸಿ ಮತ್ತೊಮ್ಮೆ ನೋಡಿದೆವು. "ಎಲ್ಲಿಗೂ ಹೋಗಲ್ದ ಕಾರಿನ್ಯಾಗ ಯಾಕ ಕುಂದರಸ್ತೀರಿ?" ಅಂತ ಅವ್ವ ನಕ್ಕಳು.

ಇನ್ನೊಂದು ಕೆಲಸ ದಿನಾ ಇದ್ದೇ ಇರುತ್ತದೆ. ನಮ್ಮ ಕಡೆ ಕಲ್ಲಿನ ಪುಡಿ, ಸಿಮೆಂಟಿನ ಧೂಳು ಗಾಜಿನ ಮೇಲೆ ಕೂಡುತ್ತದೆ. ಒಣ ಬಟ್ಟೆಯಲ್ಲಿ ತಿಕ್ಕಿದರೆ ಗಾಜು ಗೀರು ಬೀಳುತ್ತದೆ, ಮೊದಲು ನೀರು ಹಾಕಬೇಕು. ಆ ಕೆಲಸ ಈಗ ನನ್ನದು. ಎಡಗಡೆ ದೀಪದ ಒಳಗಿನ ಕನ್ನಡಿಗೆ ಸ್ವಲ್ಪ ತುಕ್ಕು ಬಂದಿದೆ, ಅದಕ್ಕೆ ಯಾವ ಬಲ್ಬೂ ಉಪಾಯ ಅಲ್ಲ, ಇಡೀ ದೀಪವೇ ಬದಲಾಗಬೇಕು. ತೊಗರಿ ಮಾರಿದ ಮೇಲೆ ತರೋಣ ಅಂದಿದ್ದಾರೆ ಕಾಕಾ.