ಗುಮ್ಮಟಕ್ಕೆ 75 ಇಟ್ಟಿಗೆ, ಕಟ್ಟೆಗೆ 300

ಒಳಗೆ 90 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರದ ಗುಮ್ಮಟ. ಹಿತ್ತಲಲ್ಲಿ ಬ್ರೆಡ್ಡು, ಪಿಜ್ಜಾ ಬೇಯಿಸಲು ಈ ಅಳತೆಯ ಒಲೆ ಧಾರಾಳ ಸಾಕು. 23×11×7.5 ಸೆಂ.ಮೀ. ಇಟ್ಟಿಗೆಯನ್ನು ಎರಡು ತುಂಡು ಮಾಡಿ ಸುತ್ತು ಹಾಕುತ್ತ ಹೋದರೆ ಗುಮ್ಮಟಕ್ಕೆ ಹಿಡಿಯುವುದು ಸುಮಾರು 75 ಇಟ್ಟಿಗೆ. ಬಾಯಿಗೂ ಹೊಗೆಗೂಡಿಗೂ ಇನ್ನೊಂದು 25. ಒಲೆ ಕೂರುವ ಕಟ್ಟೆಯ ಲೆಕ್ಕ ನೋಡಿ: ಒಂದೂವರೆ ಮೀಟರ್ ಚೌಕ, 75 ಸೆಂ.ಮೀ. ಎತ್ತರ, 23 ಸೆಂ.ಮೀ. ಗೋಡೆ, ಮುಂದೆ ಸೌದೆ ಇಡಲು 80 ಸೆಂ.ಮೀ. ತೆರಪು. ಅದಕ್ಕೆ 300 ಇಟ್ಟಿಗೆ ಬೇಕು.

ಉಳಿತಾಯ ಹುಡುಕಬೇಕಾದದ್ದು ಕಟ್ಟೆಯಲ್ಲಿ. ಹೊಸಪೇಟೆ, ಹಂಪಿ ಸುತ್ತ ಕಲ್ಲಿಗೆ ಬರವಿಲ್ಲ. ಸೈಜುಗಲ್ಲಿನಲ್ಲೇ ಕಟ್ಟೆ ಎತ್ತಬಹುದು. ಆದರೆ ಬೆಂಕಿ ತಾಗುವ ಕಡೆ ಗ್ರಾನೈಟ್ ಬೇಡವೇ ಬೇಡ. ಕಾದರೆ ಅದು ಸಿಡಿಯುತ್ತದೆ. ಬಂಡೆಯ ಮೇಲೆ ಬೆಂಕಿ ಹಾಕಿ ಪದರ ಎಬ್ಬಿಸುತ್ತಿದ್ದ ಹಳೆಯ ಕಲ್ಲುಕುಟಿಗರ ವಿದ್ಯೆ ನಿಂತಿದ್ದೇ ಈ ಗುಣದ ಮೇಲೆ.

ಫೈರ್ ಬ್ರಿಕ್ ನೆಲಹಾಸಿಗೆ ಮಾತ್ರ ಸಾಕು: 32. ಗುಮ್ಮಟಕ್ಕೂ ಅದನ್ನೇ ಹಾಕುವುದು ದುಂದುವೆಚ್ಚ ಎಂಬುದು ನನ್ನ ಖಚಿತ ಅಭಿಪ್ರಾಯ. ಚೆನ್ನಾಗಿ ಸುಟ್ಟ ಸಾಮಾನ್ಯ ಇಟ್ಟಿಗೆ ಗೂಡಿನಲ್ಲಿ 900 ಡಿಗ್ರಿಯ ಆಸುಪಾಸು ಕಂಡು ಬಂದಿರುತ್ತದೆ. ಮನೆಯ ಒಲೆ ಏರುವುದು 400–450ಕ್ಕೆ. ಇಟ್ಟಿಗೆಗಳ ನಡುವೆ ಸಿಮೆಂಟ್ ಬೇಡ, ಶಾಖಕ್ಕೆ ಅದು ಬಿಡುತ್ತದೆ. ಹುತ್ತದ ಮಣ್ಣು, ಮರಳು ಕಲಸಿ ಕಟ್ಟಿ. ಬಾಯಿಯ ಎತ್ತರ ಗುಮ್ಮಟದ ನೂರಕ್ಕೆ 63 ಪಾಲು, ಅಂದರೆ 28 ಸೆಂ.ಮೀ. ಇರಲಿ.

ಹೆಚ್ಚಿನವರು ಕೈಬಿಡುವುದು ಹೊದಿಕೆಯನ್ನು. ನೆಲದಡಿ 10 ಸೆಂ.ಮೀ., ಗುಮ್ಮಟದ ಮೇಲೆ 10 ಸೆಂ.ಮೀ. ಸೇರಿ 0.35 ಘನ ಮೀಟರ್ ಆಗುತ್ತದೆ. ಇದಕ್ಕೆ ಕಂಪ್ಲಿಯ ಅಕ್ಕಿ ಗಿರಣಿಗಳ ಹೊಟ್ಟಿನ ಬೂದಿಗಿಂತ ಒಳ್ಳೆಯ ವಸ್ತು ಇಲ್ಲ. ಅದರಲ್ಲಿ ಬಹುಪಾಲು ಸಿಲಿಕಾ; ಉಕ್ಕಿನ ಕಾರ್ಖಾನೆಗಳಲ್ಲಿ ಕರಗಿದ ಲೋಹದ ಶಾಖ ಆರದಂತೆ ಮುಚ್ಚುವುದೂ ಇದರಿಂದಲೇ. ಘನ ಮೀಟರಿಗೆ 200 ಕೆ.ಜಿ. ಹಿಡಿದರೆ ಬೇಕಾದದ್ದು 70 ಕೆ.ಜಿ. ಭತ್ತದ ಐದನೇ ಒಂದು ಪಾಲು ಹೊಟ್ಟು, ಹೊಟ್ಟಿನ ಐದನೇ ಒಂದು ಪಾಲು ಬೂದಿ. ಹಾಗಾದರೆ ಹದಿನೇಳೂವರೆ ಕ್ವಿಂಟಲ್ ಭತ್ತದ ಹೊಟ್ಟು ಸುಟ್ಟರೆ ಒಂದು ಒಲೆಗೆ ಆಯಿತು. ತೆಳ್ಳಗಿನ ಮಣ್ಣಿನ ರಾಡಿಯಲ್ಲಿ ಕಲಸಿ ಮೆತ್ತಬೇಕು.

ಮೇಲಿನ ಗಾರೆಗೆ ಸುಣ್ಣ 10–12 ಕೆ.ಜಿ., ಉಳಿದದ್ದು ಸುರ್ಕಿ, ಅಂದರೆ ಇಟ್ಟಿಗೆ ಪುಡಿ. ತುಂಗಭದ್ರಾ ಅಣೆಕಟ್ಟಿನ ಕಲ್ಲುಗಳನ್ನು ಹಿಡಿದಿರುವುದೂ ಸುರ್ಕಿ ಗಾರೆಯೇ. ಬಣ್ಣ ಬೇಕೆನಿಸಿದರೆ ಸಂಡೂರಿನ ಕೆಮ್ಮಣ್ಣು ಸೋಸಿ ಸೇರಿಸಿ. ಕಬ್ಬಿಣದ ಕೆಂಪು ಸುಣ್ಣದಲ್ಲಿ ಮಾಸುವುದಿಲ್ಲ.

ಈಗ ದುಡ್ಡು. ದರ ಊರೂರಿಗೆ ಬೇರೆ, ಹಿಡಿದ ದರ ಹೇಳುತ್ತೇನೆ. ಇಟ್ಟಿಗೆ, ಒಡೆಯುವುದಕ್ಕೆಂದು 20 ಹೆಚ್ಚು ಹಿಡಿದು, 9 ರೂಪಾಯಿಯಂತೆ 420ಕ್ಕೆ 3,780. ಫೈರ್ ಬ್ರಿಕ್ 50 ರೂಪಾಯಿಯಂತೆ 32ಕ್ಕೆ, ಮೇಲೆ ಶೇ 18 ಜಿಎಸ್‌ಟಿ ಸೇರಿ 1,888. ಕಟ್ಟೆಗೂ ಅದರ ಮೇಲಿನ ಸ್ಲ್ಯಾಬಿಗೂ ಮೂರು ಚೀಲ ಸಿಮೆಂಟ್ 1,200. ಕಂಬಿ, ಜಲ್ಲಿ, ಮರಳು 2,500. ಸುಣ್ಣ, ಮಣ್ಣು 300. ಮೇಸ್ತ್ರಿ, ಆಳು ಸೇರಿ ದಿನಕ್ಕೆ 1,500ರಂತೆ ಐದು ದಿನಕ್ಕೆ 7,500. ಒಟ್ಟು 17,168. ಇದರಲ್ಲಿ ಕೂಲಿಯದೇ ನೂರಕ್ಕೆ 44. ಮನೆಯವರೇ ಗಾರೆ ಕಲಸಿ ಇಟ್ಟಿಗೆ ಎತ್ತಿಕೊಟ್ಟರೆ ಆಳಿನ ಖರ್ಚು ತಪ್ಪುತ್ತದೆ.

ಹಂಪಿ, ಕಮಲಾಪುರದವರು ಮೊದಲು ಜಾಗ ವಿಚಾರಿಸಬೇಕು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರ್ ನಿಯಂತ್ರಿತ. ಹಂಪಿ ಪ್ರಾಧಿಕಾರದ ನಿಯಮ ಬೇರೆ.

ಕಟ್ಟಿದ ಮೇಲೆ ವಾರಗಟ್ಟಲೆ ನೆರಳಲ್ಲಿ ಒಣಗಲಿ. ಆಮೇಲೆ ಏಳು ದಿನ ಸಣ್ಣ ಉರಿ, ದಿನದಿನಕ್ಕೆ ಸ್ವಲ್ಪ ಹೆಚ್ಚು. ಅವಸರ ಮಾಡಿದರೆ ಒಳಗಿನ ನೀರು ಆವಿಯಾಗಿ ಗುಮ್ಮಟ ಸೀಳುತ್ತದೆ. ಮುಂದೆ ಪ್ರತಿ ಸಲ 400 ಕೆ.ಜಿ. ಇಟ್ಟಿಗೆ-ಮಣ್ಣು ಕಾಯಬೇಕು. ಸೌದೆಯ ಶಾಖದಲ್ಲಿ ಮೂರನೇ ಒಂದು ಪಾಲು ಮಾತ್ರ ಒಳಗೆ ನಿಲ್ಲುತ್ತದೆ ಎಂದುಕೊಂಡರೂ 20 ಕೆ.ಜಿ. ಒಣ ಬಳ್ಳಾರಿ ಜಾಲಿ ಸಾಕು.