ವ್ಯವಸ್ಥಾ ಪ್ರೋಗ್ರಾಂಗಳಿಗೆ ಪ್ರಾಚಲಗಳನ್ನು ಒಪ್ಪಿಸುವಲ್ಲಿ ತಲೆದೋರುವ ದೋಷಗಳು

ಒಂದು ಪ್ರೋಗ್ರಾಂ ಮತ್ತೊಂದನ್ನು ಕರೆಯುವಾಗ ಪ್ರಾಚಲದ, ಅಂದರೆ ಪ್ಯಾರಾಮೀಟರಿನ, ಬೆಲೆಯನ್ನೇ ಅದರ ಕೈಗೆ ಕೊಡುತ್ತದೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ಐ.ಬಿ.ಎಂ. ಸಂಸ್ಥೆಯು 1988ರಲ್ಲಿ ಹೊರತಂದ ಎ.ಎಸ್./400 ಎಂಬ ಮಧ್ಯಮ ಗಾತ್ರದ ಗಣಕದಲ್ಲಾಗಲಿ, ಅದರ ಪರಂಪರೆಯಲ್ಲಿ ಇಂದು ಬಳಕೆಯಲ್ಲಿರುವ ‘ಐ.ಬಿ.ಎಂ. ಐ’ ವ್ಯವಸ್ಥೆಯಲ್ಲಾಗಲಿ ಸಾಮಾನ್ಯವಾದ ಪ್ರೋಗ್ರಾಂ ಕರೆಯಲ್ಲಿ ಹಾಗಾಗುವುದಿಲ್ಲ. ಅಲ್ಲಿ ಸಾಗಿಹೋಗುವುದು ಬೆಲೆಯಿರುವ ಸ್ಥಳದ ವಿಳಾಸ ಮಾತ್ರ. ಅದು ಎಷ್ಟು ಬೈಟುಗಳದು, ಅಕ್ಷರವೋ ಅಂಕಿಯೋ ಎಂಬ ವಿವರವು ಜೊತೆಗೆ ಹೋಗದು. ಕರೆಯಲ್ಪಟ್ಟ ಪ್ರೋಗ್ರಾಂ ತಾನು ಘೋಷಿಸಿಕೊಂಡ ಅಳತೆಯಂತೆಯೇ ಅಲ್ಲಿಂದ ಓದಿಕೊಳ್ಳುತ್ತದೆ.

ಉದಾಹರಣೆಗೆ, ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಮಳೆಯ ಲೆಕ್ಕವನ್ನು ಅಚ್ಚುಮಾಡುವ ಪ್ರೋಗ್ರಾಂ ಒಂದನ್ನು ಕಲ್ಪಿಸಿಕೊಳ್ಳೋಣ. ತಾಲೂಕಿನ ಹೆಸರೇ ಅದರ ಪ್ರಾಚಲ. ಇಂಗ್ಲಿಷಿನಲ್ಲಿ ಬರೆದಾಗ ಈ ಹೆಸರುಗಳು ಕ್ರಮವಾಗಿ 6, 8, 7, 9 ಅಕ್ಷರಗಳವು. ಸಿ.ಎಲ್. ಎಂಬ ಆದೇಶಭಾಷೆಯಲ್ಲಿ ಹೆಸರನ್ನು ನೇರವಾಗಿ ಬರೆದು ಕರೆದರೆ, 32ಕ್ಕಿಂತ ಕಡಿಮೆಯಿರುವ ಅಕ್ಷರಸಾಲಿಗೆ ಖಾಲಿ ಅಕ್ಷರಗಳನ್ನು ಸೇರಿಸಿ 32 ಬೈಟುಗಳನ್ನು ಭರ್ತಿಮಾಡಲಾಗುವುದು. ಪ್ರೋಗ್ರಾಂ 20 ಬೈಟುಗಳನ್ನು ಘೋಷಿಸಿದ್ದಲ್ಲಿ ಯಾವ ತೊಂದರೆಯೂ ಕಾಣದು. ಮುಂದೆ ನಾಲ್ಕು ಹೆಸರುಗಳನ್ನೂ ಒಟ್ಟಿಗೆ ಕಳುಹಿಸುವ ಉದ್ದೇಶದಿಂದ ಘೋಷಣೆಯನ್ನು 40ಕ್ಕೆ ಏರಿಸಿದರೆನ್ನೋಣ. ಅಲ್ಪವಿರಾಮ ಮತ್ತು ತೆರಪುಗಳೊಡನೆ ಆ ಸಾಲು 36 ಅಕ್ಷರಗಳಷ್ಟಾಗುತ್ತದೆ. 32ನ್ನು ಮೀರಿದುದರಿಂದ ಭರ್ತಿಯಿಲ್ಲದೆ 36 ಬೈಟುಗಳಾಗಿಯೇ ಹೋಗುತ್ತದೆ. ಉಳಿದ 4 ಬೈಟುಗಳು ನೆರೆಯವರ ಸೊತ್ತು! ಹಾನಗಲ್ಲ ಒಂದನ್ನೇ ಕಳುಹಿಸಿದರೆ ಅಂತಹವು 8. ಅಲ್ಲಿ ಅಕಸ್ಮಾತ್ತಾಗಿ ಖಾಲಿ ಅಕ್ಷರಗಳಿದ್ದರೆ ಪರೀಕ್ಷೆಯು ಸರಿಬೀಳುತ್ತದೆ. ಮರುದಿನ ಬೇರೇನೋ ಇದ್ದರೆ ಹೆಸರು ಹೊಂದಿಕೆಯಾಗದೆ ಹಾನಗಲ್ಲದ ಮಳೆ ಸೊನ್ನೆಯೆಂದು ಅಚ್ಚಾಗಬಹುದು. ದೋಷಸಂದೇಶವಂತೂ ಬಾರದು. ಕೆಲಸವನ್ನು ನಿಲ್ಲಿಸಿಬಿಡುವ ದೋಷಕ್ಕಿಂತ ಇಂತಹುದೇ ಹೆಚ್ಚು ಅಪಾಯಕರವೆಂದು ನಮ್ಮ ಅಭಿಪ್ರಾಯ.

ಅಂಕಿಗಳ ವಿಷಯವು ಇನ್ನೂ ಸೂಕ್ಷ್ಮವಾದುದು. ಆದೇಶವೊಂದನ್ನು ನೆರವೇರಿಸಿಕೊಡುವ ‘ಕ್ಯೂಸಿಎಮ್‌ಡಿಇಎಕ್ಸ್‌ಸಿ’ ಎಂಬ ವ್ಯವಸ್ಥಾ ಪ್ರೋಗ್ರಾಂ ಆದೇಶದ ಸಾಲನ್ನೂ ಅದರ ಉದ್ದವನ್ನೂ ಕೇಳುತ್ತದೆ. ಉದ್ದವು 15 ಅಂಕಿಗಳ, ಅದರಲ್ಲಿ 5 ದಶಮಾಂಶ ಸ್ಥಾನಗಳ, ‘ಪ್ಯಾಕ್ಡ್’ ಸಂಖ್ಯೆಯಾಗಿರಬೇಕು. ಅಕ್ಷರಗಳನ್ನೆಣಿಸುವುದಕ್ಕೆ ದಶಮಾಂಶವೇಕೆಂದು ಓದುಗರು ಕೇಳಬಹುದು. ಸಿ.ಎಲ್. ಭಾಷೆಯಲ್ಲಿ ನೇರವಾಗಿ ಬರೆದ ಸಂಖ್ಯೆಗಳು ಈ ರೂಪದಲ್ಲಿಯೇ ಸಾಗುತ್ತವೆ. ಆದಕಾರಣ ಅಲ್ಲಿಂದ 26 ಎಂದು ಬರೆದರೆ ‘00 00 00 00 26 00 00 0ಎಫ್’ ಎಂಬ 8 ಬೈಟುಗಳು ಸಿದ್ಧವಾಗುತ್ತವೆ. ಆರ್.ಪಿ.ಜಿ. ಭಾಷೆಯ 5 ಅಂಕಿಗಳ ಚರವನ್ನು ಒಪ್ಪಿಸಿದರೋ, ಅಲ್ಲಿರುವುದು ‘00 02 6ಎಫ್’ ಎಂಬ 3 ಬೈಟುಗಳು ಮಾತ್ರ. ಕೊನೆಯಲ್ಲಿರಬೇಕಾದ ಚಿಹ್ನೆ ‘ಎಫ್’ ಅಂಕಿಗಳ ನಡುವೆ ಬಂದು ಕೂರುತ್ತದೆ. ಇದಕ್ಕೆ ವಿಪರ್ಯಾಯವಾಗಿ, 5 ಅಂಕಿಗಳನ್ನು ಘೋಷಿಸಿದ ಪ್ರೋಗ್ರಾಂ ಸಿ.ಎಲ್.ನ 26ನ್ನು ಪಡೆದರೆ ಮೊದಲ ಮೂರು ಸೊನ್ನೆ ಬೈಟುಗಳನ್ನಷ್ಟೇ ಓದುತ್ತದೆ. ಚಿಹ್ನೆಯಿಲ್ಲದ ಆ ಸಂಖ್ಯೆಯನ್ನು ಲೆಕ್ಕಕ್ಕೆ ತೊಡಗಿಸಿದೊಡನೆ ‘ಎಂ.ಸಿ.ಎಚ್. 1202’ ಎಂಬ ದಶಮಾಂಶ ದೋಷವು ವರದಿಯಾಗುತ್ತದೆ.

ಆದುದರಿಂದ ಶೋಧನೆಯನ್ನು ಕರೆಯಲ್ಪಟ್ಟ ಪ್ರೋಗ್ರಾಮಿನಲ್ಲಿ ಆರಂಭಿಸತಕ್ಕದ್ದು. ‘ಸ್ಟಾರ್ಟ್ ಡಿಬಗ್’ ಆದೇಶದಿಂದ ಅದರ ಮೊದಲ ಸಾಲಿನಲ್ಲಿಯೇ ನಿಲ್ಲಿಸಿ, ಪ್ರಾಚಲವನ್ನು ಷೋಡಶಮಾನ ರೂಪದಲ್ಲಿ ನೋಡಬೇಕು. ಈ ಗಣಕದ ಸಂಕೇತಪದ್ಧತಿಯಲ್ಲಿ ಖಾಲಿ ಅಕ್ಷರವು 40 ಎಂದು ಕಾಣುವುದರಿಂದ, ಹೆಸರು ಎಲ್ಲಿ ಮುಗಿಯಿತು, ಕಸ ಎಲ್ಲಿ ಮೊದಲಾಯಿತು ಎಂಬುದು ಕೂಡಲೆ ಗೊತ್ತಾಗುತ್ತದೆ.

ಪರಿಹಾರವು ಸುಲಭ. ಸಿ.ಎಲ್.ನಲ್ಲಿ 40 ಬೈಟುಗಳ ಚರವನ್ನು ಘೋಷಿಸಿ ಅದನ್ನೇ ಒಪ್ಪಿಸಬಹುದು, ಆರ್.ಪಿ.ಜಿ.ಯಲ್ಲಿ ‘ಪ್ರೋಟೋಟೈಪ್’ ಬರೆದು ‘ಕಾನ್ಸ್ಟ್’ ಎಂದು ಸೂಚಿಸಿದರೆ ಭಾಷಾಂತರಕವೇ ಅಳತೆಯನ್ನು ಸರಿಪಡಿಸುತ್ತದೆ. ಆದರೆ ಇದೇ ಕರೆಯನ್ನು ‘ಸಬ್ಮಿಟ್ ಜಾಬ್’ ಆದೇಶದೊಳಗಿಟ್ಟು ಹಿನ್ನೆಲೆಯ ಕೆಲಸಕ್ಕೆ ಕಳುಹಿಸಿದಲ್ಲಿ, ಸಿ.ಎಲ್. ಚರವು ಪುನಃ ನೇರವಾಗಿ ಬರೆದ ಸಾಲಾಗಿ ಮಾರ್ಪಟ್ಟು ಕೊನೆಯ ಖಾಲಿ ಅಕ್ಷರಗಳನ್ನು ಕಳೆದುಕೊಳ್ಳುತ್ತದೆ. ಅಂತಹ ಸಂದರ್ಭದಲ್ಲಿ ಪ್ರಾಚಲದ ಅಳತೆಯನ್ನು ನಿಗದಿಪಡಿಸಿದ ಸ್ವಂತ ಆದೇಶವೊಂದನ್ನು ರಚಿಸಿ, ಅದರ ಮೂಲಕವೇ ಪ್ರೋಗ್ರಾಮನ್ನು ಕರೆಯುವುದು ಲೇಸು.